ಚಿಕ್ಕತಾಯಮ್ಮನ ಚೊಂಬಿಗೆ ಕೆಂಪು ಚೀಟಿ

ಹೊಸೂರಿನ ಪಕ್ಕದ ಮತ್ತಿಗಿರಿಯ ಬಾಡಿಗೆ ಮನೆಯೊಂದರ ನಡುಕೋಣೆಯಲ್ಲಿ ಚಿಕ್ಕತಾಯಮ್ಮ ಮಲಗಿ ಎಂಟು ತಿಂಗಳಾಗಿತ್ತು. ಲಕ್ವ ಹೊಡೆದು ಬಲಗಡೆ ಪೂರ್ತಿ ಹೋಗಿತ್ತು. ಮಾತೂ ಹೋಗಿ ಒಂದೇ ಒಂದು ಪದ ಉಳಿದಿತ್ತು: “ರಾಮಿ.” ರಾಮಿ ಅಂದರೆ ರಾಮಕ್ಕ, ಅಂಚೆಟ್ಟಿ ಕಡೆಯ ಹೆಂಗಸು, ‘ಚಿರಾಸರೆ ಹೋಂ ಕೇರ್’ ಎಂಬ ಕಂಪನಿ ಕಳಿಸಿದ ಆರೈಕೆಯವಳು. ಹೆತ್ತ ಮಗಳು ಉಷಾರಾಣಿಯ ಹೆಸರು ಮುದುಕಿಯ ನಾಲಿಗೆಗೆ ಬರುತ್ತಿರಲಿಲ್ಲ. ಉಷಾರಾಣಿಗೆ ಮೊದಮೊದಲು ಹೊಟ್ಟೆಕಿಚ್ಚಾಗಿತ್ತು. ಆಸ್ಪತ್ರೆಯಿಂದ ಬರುವಾಗ ಅವ್ವನ ಸೊಂಟದ ಮೇಲೆ ಅಂಗೈಯಗಲ ಬಾಯಿಬಿಟ್ಟಿದ್ದ ಹಾಸಿಗೆ ಹುಣ್ಣು ರಾಮಕ್ಕನ ಕೈಯಲ್ಲಿ ಮಾಯ್ದು, ಚರ್ಮ ಕೂಡಿಕೊಂಡದ್ದನ್ನು ನೋಡಿದ ಮೇಲೆ ಆ ಕಿಚ್ಚೂ ಮಾಯ್ದಿತ್ತು.

ಮಲಗಿದವರನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು. ರಾಮಕ್ಕ ಅದಕ್ಕೆ ಗಡಿಯಾರ ನೋಡಿದವಳಲ್ಲ. ಹಾಲಿನ ಗಾಡಿ ಬಂದರೆ ಎಡಮಗ್ಗುಲು, ಫ್ಯಾಕ್ಟರಿ ಬಸ್ಸು ಹಾರನ್ ಹೊಡೆದರೆ ಅಂಗಾತ, ಎದುರಿನ ಇಸ್ಕೂಲಿನ ಮೊದಲ ಗಂಟೆಗೆ ಬಲಮಗ್ಗುಲು, ಊಟದ ಗಂಟೆಗೆ ಮತ್ತೆ ಎಡ. ಹಳೇ ಸೀರೆಯೊಂದನ್ನು ನಾಲ್ಕು ಮಡಿಕೆ ಮಾಡಿ ಮುದುಕಿಯ ಕೆಳಗೆ ಹಾಸಿದ್ದಳು. ಅದರ ಅಂಚು ಹಿಡಿದು ಎಳೆದರೆ ಚರ್ಮ ಉಜ್ಜದೆ ದೇಹ ಹೊರಳುತ್ತಿತ್ತು.

ಆ ಸೋಮವಾರ ಹತ್ತೂವರೆಗೆ ಮನೆಗೆ ಗುಣಮಟ್ಟ ಮತ್ತು ಸುರಕ್ಷತೆ ಬಂತು. ಅದರ ಹೆಸರು ತಿಲಕ್.

ತಿಲಕ್ ಹೋದ ವರ್ಷದವರೆಗೂ ಬ್ರೇಕ್ ಮಾಡುವ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ಪರೀಕ್ಷಿಸುತ್ತಿದ್ದವನು. ಬ್ರೇಕಿಗೂ ಮುದುಕಿಗೂ ಇರುವ ವ್ಯತ್ಯಾಸವನ್ನು ಚಿರಾಸರೆಯವರು ಅರ್ಧ ದಿನದ ತರಬೇತಿಯಲ್ಲಿ ಅವನಿಗೆ ಮನದಟ್ಟು ಮಾಡಿಸಿದ್ದರು. ಕೈಯಲ್ಲಿ ನಲವತ್ತೆರಡು ಪ್ರಶ್ನೆಗಳ ಹಾಳೆಗಳು, ಕಂಪನಿಯ ಸಹಿ ಪುಸ್ತಕ, ಬಗಲಲ್ಲಿ ದಾರ ಪೋಣಿಸಿದ ಕೆಂಪು ಚೀಟಿಗಳ ಕಟ್ಟು. ಹೊಸೂರಿನ ಕಾರ್ಖಾನೆಗಳಲ್ಲಿ ದುಡಿದವರಿಗೆ ಈ ಚೀಟಿ ಗೊತ್ತು. ಪಟ್ಟಿಯಲ್ಲಿಲ್ಲದ ಸಾಮಾನು ಕೆಲಸದ ಜಾಗದಲ್ಲಿ ಕಂಡರೆ ಅದಕ್ಕೆ ಕೆಂಪು ಚೀಟಿ ಕಟ್ಟುತ್ತಾರೆ, ಆಮೇಲೆ ಎತ್ತಿ ಆಚೆಗೆ ಹಾಕುತ್ತಾರೆ.

ಉಷಾರಾಣಿಗೆ ಅವತ್ತು ಎರಡನೇ ಶಿಫ್ಟು, ಮನೆಯಲ್ಲೇ ಇದ್ದಳು. ಅವಳೂ ಕಾರ್ಖಾನೆಯ ಗುಣಮಟ್ಟದ ವಿಭಾಗದವಳೇ. ಆಡಿಟ್ ದಿನ ನೆಲಕ್ಕೆ ಹಳದಿ ಪಟ್ಟೆ ಬಳಿದು, ಕೆಟ್ಟ ಮಾಲನ್ನು ಕ್ಯಾಂಟೀನಿನ ಹಿಂದೆ ಬಚ್ಚಿಡುವುದನ್ನು ಹತ್ತು ವರ್ಷದಿಂದ ಕಂಡವಳು. ಒಳ್ಳೆ ಕುರ್ಚಿ ತಂದು ಹಾಕಿದಳು.

“ಮಗ್ಗುಲು ಬದಲಿಸೋ ಚಾರ್ಟ್ ಎಲ್ಲಮ್ಮಾ?” ಅಂದ ತಿಲಕ್.

ರಾಮಕ್ಕ ಗೋಡೆಯ ಮೇಲಿನ ಹಾಳೆ ತೋರಿಸಿದಳು. ಖಾಲಿ ಹಾಳೆ. ಅದರ ಮೇಲಿನ ಅಚ್ಚೆಲ್ಲ ಇಂಗ್ಲಿಷಿನಲ್ಲಿತ್ತು. ರಾಮಕ್ಕ ಓದಿದ್ದು ತಮಿಳು ಇಸ್ಕೂಲಿನಲ್ಲಿ ಐದನೇ ಕ್ಲಾಸು.

“ಒಂದೂ ಬರ್ದಿಲ್ವಲ್ಲ.”

“ಮಾಡೀನಲ್ಲ ಸಾರ್.”

“ಬರ್ದಿಲ್ಲ ಅಂದ್ರೆ ಮಾಡಿಲ್ಲ ಅಂತಾನೇ ಲೆಕ್ಕ.”

“ಹಂಗಾದ್ರೆ ನೀವು ಬೆಳಿಗ್ಗೆ ತಿಂಡಿ ತಿಂದಿದ್ದು ಎಲ್ಲಿ ಬರ್ದಿದ್ದೀರಾ ಸಾರ್? ಉಪವಾಸನಾ?”

ಉಷಾರಾಣಿ ನಗು ತಡೆದುಕೊಂಡಳು. ತಿಲಕನಿಗೆ ತಡೆದುಕೊಳ್ಳುವಂಥ ನಗುವೇನೂ ಬಂದಿರಲಿಲ್ಲ. ಬರೆದುಕೊಂಡ.

“ಅವ್ವನ ಬೆನ್ನು ನೋಡಿ ಸಾರ್. ಹೊಳ್ಳಿಸ್ತೀನಿ, ಒಂದು ಕೆಂಪು ಗುರ್ತು ತೋರ್ಸಿ ನೋಡಾನ.”

“ಬೆನ್ನು ನೋಡೋದು ಇದ್ರಲ್ಲಿಲ್ಲಮ್ಮ,” ಎಂದು ತಿಲಕ್ ಹಾಳೆ ತಿರುವಿದ. ನಿಜವಾಗಿಯೂ ಇರಲಿಲ್ಲ. ನಲವತ್ತೆರಡು ಪ್ರಶ್ನೆಗಳಲ್ಲಿ ಒಂದಕ್ಕೂ ರೋಗಿಯನ್ನು ಮುಟ್ಟುವ ಅಗತ್ಯವಿರಲಿಲ್ಲ. ಹಾಸಿಗೆಯ ಮೇಲೆ ಮೂಟೆ ಮಲಗಿಸಿದ್ದರೂ ಪೂರ್ತಿ ಅಂಕ ಸಿಗುವಷ್ಟು ಎಚ್ಚರಿಕೆಯಿಂದ ಅದನ್ನು ರಚಿಸಿದ್ದರು.

ಆಮೇಲೆ ಕೆಂಪು ಚೀಟಿಯ ಸರದಿ. ಹಳೇ ಸೀರೆ ಪಟ್ಟಿಯಲ್ಲಿಲ್ಲ, ಅದರಂಚಿಗೊಂದು ಚೀಟಿ. ರಾಗಿ ಹಿಟ್ಟಿನ ಡಬ್ಬಿ ಪಟ್ಟಿಯಲ್ಲಿಲ್ಲ, ಅದಕ್ಕೊಂದು. ಮುದುಕಿಯ ಎಡಗೈಗೆ ಎಟುಕುವಂತೆ ಸ್ಟೂಲಿನ ಮೇಲೆ ಒಂದು ಸ್ಟೀಲ್ ಚೊಂಬು ಇತ್ತು. ಏನಾದರೂ ಬೇಕಾದರೆ ಆಕೆ ಉಂಗುರದಿಂದ ಅದನ್ನು ಬಡಿಯುತ್ತಿದ್ದಳು. ಅದಕ್ಕೂ ಕಟ್ಟಿದ.

“ಅದೇನ್ ಮಾಡ್ತು ಪಾಪ?” ಅಂದಳು ರಾಮಕ್ಕ.

“ಕರೆಯೋಕೆ ಕಂಪನಿ ಬೆಲ್ ಕೊಟ್ಟಿದೆಯಲ್ಲ.”

ಕೊಟ್ಟಿತ್ತು, ಹೌದು. ನಕ್ಷೆಯಲ್ಲಿ ತೋರಿಸಿದಂತೆಯೇ ಮಂಚದ ಬಲಗಡೆ ಕೂರಿಸಿತ್ತು. ಬಲಗೈ ಸತ್ತಿದೆ ಅಂತ ಉಷಾರಾಣಿ ಮೂರು ಸಲ ಫೋನ್ ಮಾಡಿದ್ದಳು. ಬೆಲ್ ಬಲಗಡೆಯೇ ಇರಬೇಕು, ಅದು ಮಾನದಂಡ ಅಂದಿದ್ದರು. ಮಾನದಂಡ ಬದಲಾಗುವುದಿಲ್ಲವಾದ್ದರಿಂದ ಲಕ್ವವೇ ಎಡಗಡೆಗೆ ಹೊಡೆಯಬೇಕಿತ್ತು.

ಇಪ್ಪತ್ತೊಂಬತ್ತನೇ ಪ್ರಶ್ನೆಗೆ ಫೋಟೋ ಬೇಕಿತ್ತು: ರೋಗಿ ನೀರು ಕುಡಿಯುತ್ತಿರುವುದು. ತಿಲಕ್ ಗಾಜಿನ ಲೋಟ ತರಿಸಿದ.

“ಬರೀ ನೀರು ಇಳಿಯಕ್ಕಿಲ್ಲ ಸಾರ್, ಉಸ್ರಿನ ಕೊಳವೆಗೆ ಹತ್ತಿಕೊಂತದೆ. ನಾನು ರಾಗಿ ಗಂಜಿ ಥರಾ ದಪ್ಪ ಮಾಡಿ ಚಮಚದಾಗೆ ಕುಡಿಸ್ತೀನಿ.”

“ಫೋಟೋದಲ್ಲಿ ನೀರು ಕಾಣ್ಬೇಕಮ್ಮ. ಗಂಜಿ ಆದ್ರೆ ಅದು ಆಹಾರ, ಮೂವತ್ತೊಂದಕ್ಕೆ ಬರುತ್ತೆ. ಒಂದೇ ಗುಟುಕು.” ಒಂದು ಕೈಯಲ್ಲಿ ಫೋನ್ ಹಿಡಿದು ಇನ್ನೊಂದು ಕೈಯಿಂದ ತಾನೇ ಲೋಟವನ್ನು ಮುದುಕಿಯ ತುಟಿಗೆ ಇಟ್ಟು ಎತ್ತಿಬಿಟ್ಟ.

ಗುಟುಕು ಒಳಗೆ ಹೋಯಿತು, ಹೋಗಬಾರದ ಕಡೆಗೆ. ಚಿಕ್ಕತಾಯಮ್ಮನ ಕಣ್ಣುಗಳು ಅಗಲವಾದವು. ಕೆಮ್ಮು ಬರಲಿಲ್ಲ, ಉಸಿರೂ ಬರಲಿಲ್ಲ.

“ಅವ್ವಾ!” ಎಂದು ಉಷಾರಾಣಿ ಕಿರುಚುವಷ್ಟರಲ್ಲಿ ರಾಮಕ್ಕ ತಿಲಕನನ್ನು ಮೊಣಕೈಯಿಂದ ತಳ್ಳಿ ಮಂಚ ಹತ್ತಿದ್ದಳು. ಸೀರೆಯಂಚು ಹಿಡಿದು ಒಂದೇ ಎಳೆತಕ್ಕೆ ಮುದುಕಿಯನ್ನು ಮಗ್ಗುಲಿಗೆ ಹೊರಳಿಸಿದಳು, ತಲೆ ಕೆಳಗೆ ಬಗ್ಗಿಸಿದಳು, ಭುಜಗಳ ನಡುವೆ ಬಡಿದಳು. ಒಂದು, ಎರಡು, ಮೂರು. ನಾಲ್ಕನೆಯದಕ್ಕೆ ನೀರು ಆಚೆ ಬಂತು. ಹಿಂದೆಯೇ ಕೆಮ್ಮು, ಅದರ ಹಿಂದೆ “ರಾಮಿ… ರಾಮಿ…”

ತಿಲಕ್ ಲೋಟವನ್ನು ಸ್ಟೂಲಿನ ಮೇಲಿಟ್ಟ. ಪೆನ್ನು ತೆಗೆದು ಬರೆದ. ಮೂವತ್ತೆಂಟನೇ ಪ್ರಶ್ನೆ, ತುರ್ತು ಸ್ಪಂದನೆ: ಅತ್ಯುತ್ತಮ. ಮೂವತ್ತೊಂಬತ್ತು, ಅವಘಡಗಳು: ಇಲ್ಲ.

“ಇಲ್ವಾ?” ಉಷಾರಾಣಿ ಅವನ ಹೆಗಲ ಮೇಲಿಂದ ಓದುತ್ತಿದ್ದಳು. “ಈಗ ಆಗಿದ್ದೇನು ಸಾರ್?”

“ಅವಘಡ ಅಂತ ಬರೆದ್ರೆ ನಿಮ್ಮ ಮನೆಗೆ ಸ್ಟಾರ್ ಕಮ್ಮಿ ಆಗುತ್ತೆ ಮೇಡಂ. ನಿಮ್ಗೋಸ್ಕರಾನೇ.” ಬೆವರು ಒರೆಸಿಕೊಂಡು ಕೊನೆಯ ಪುಟಕ್ಕೆ ಬಂದ. “ನಲವತ್ತೆರಡನೇದು. ರೋಗಿ ಆರೈಕೆಯವರ ಹೆಸರು ಹಿಡಿದು ಕರೀತಾರಾ? ಕರೀತಾರೆ. ನಾನೇ ಕೇಳಿದೆ. ಇದು ಆಪ್ತತೆಯ ಅಪಾಯ. ರಾಮಕ್ಕನ್ನ ಇವತ್ತೇ ಬೇರೆ ಮನೆಗೆ ಹಾಕ್ತೀವಿ.”

“ಏನಂದ್ರಿ?”

“ಪಾಲಿಸಿ ಮೇಡಂ. ಎಂಟೊಂಬತ್ತು ತಿಂಗಳಾದ್ರೆ ಇವರು ಮನೆಯವರ ಥರಾ ಆಗ್ಬಿಡ್ತಾರೆ. ಆಮೇಲೆ ಕಂಪನಿ ಬಿಟ್ಟು ನೇರವಾಗಿ ನಿಮ್ಮ ಹತ್ರಾನೇ ಕೆಲಸಕ್ಕೆ ಸೇರ್ತಾರೆ.” ನಿಜ ಬಾಯಿಂದ ಜಾರಿದ್ದು ತಿಳಿದು ತಿದ್ದಿಕೊಂಡ, “ಅಂದ್ರೆ, ರೋಗಿಯ ಸುರಕ್ಷತೆಗೆ ಒಳ್ಳೇದಲ್ಲ.”

“ನಾನು ಒಪ್ಪಲ್ಲ. ಸೈನ್ ಹಾಕಲ್ಲ.”

ತಿಲಕ್ ಮೃದುವಾಗಿ ಪುಸ್ತಕ ತಿರುಗಿಸಿ ತೋರಿಸಿದ. ‘ಆರೈಕೆಯವರ ಬದಲಾವಣೆಗೆ ನನ್ನ ಸಮ್ಮತಿ ಇದೆ’ ಎಂಬ ಸಾಲಿನ ಕೆಳಗೆ ಉಷಾರಾಣಿಯ ಸಹಿ ಆಗಲೇ ಇತ್ತು. ಹಿಂದಿನ ಪುಟದಲ್ಲಿತ್ತು, ಮುಂದಿನ ಪುಟದಲ್ಲೂ ಇತ್ತು. ಪುಸ್ತಕದ ಇಪ್ಪತ್ತನಾಲ್ಕು ಹಾಳೆಗಳಲ್ಲೂ ಇತ್ತು.

ಕಂಪನಿಯವರು ಈ ಪುಸ್ತಕ ಹಿಡಿದು ಮೊದಲು ಬಂದ ಬೆಳಿಗ್ಗೆ ಉಷಾರಾಣಿಗೆ ನೆನಪಾಯಿತು. ಬಸ್ಸು ಹಾರನ್ ಹೊಡೆಯುತ್ತಿತ್ತು, ಕಾಲಲ್ಲಿ ಶೂ ಹಾಕಿಯಾಗಿತ್ತು. ಪ್ರತಿ ಸಲ ಯಾಕೆ ಮೇಡಂ ತೊಂದರೆ, ಒಟ್ಟಿಗೆ ಹಾಕಿಬಿಡಿ ಅಂದಿದ್ದರು. ನಿಂತಲ್ಲೇ ಎಲ್ಲಾ ಹಾಳೆಗೂ ಗೀಚಿ ಓಡಿದ್ದಳು. ಅದೇನು ಹೊಸದೂ ಅಲ್ಲ. ಕಾರ್ಖಾನೆಯಲ್ಲಿ ಸೋಮವಾರವೇ ಶನಿವಾರದವರೆಗಿನ ತಪಾಸಣೆ ಹಾಳೆಗಳಿಗೆ ಸಹಿ ಹಾಕಿಡುತ್ತಿದ್ದಳು. ಸಾವಿರಾರು ತುಂಡು ಕಬ್ಬಿಣವನ್ನು ನೋಡದೆಯೇ ಪಾಸು ಮಾಡಿದ ಕೈ ಅದು. ಇವತ್ತು ಅದೇ ಕೈ ಅವ್ವನನ್ನೂ ಪಾಸು ಮಾಡಿತ್ತು.

“ಬದಲಿ ಹೆಂಗಸು ಯಾವಾಗ ಬತ್ತಾಳೆ?” ರಾಮಕ್ಕ ಕೇಳಿದಳು.

“ಬಂದಾಗಿದೆ. ಆಚೆ ಆಟೋದಲ್ಲಿದ್ದಾರೆ.”

“ಓಹೋ,” ಅಂದಳು ಉಷಾರಾಣಿ, “ಪರೀಕ್ಷೆ ಮುಗಿಯೋಕೆ ಮುಂಚೇನೇ ರಿಸಲ್ಟು ಆಟೋದಲ್ಲಿ ಬಂದು ಕೂತಿತ್ತಾ?”

ಒಳಗೆ ಬಂದವಳು ನಾಗವೇಣಿ, ಸಾನಮಾವು ಕಡೆಯವಳು. ಇಸ್ತ್ರಿ ಮಾಡಿದ ಯೂನಿಫಾರ್ಮು, ಕೈಯಲ್ಲಿ ಬಟ್ಟೆ ಚೀಲ. ಬಂದವಳೇ ಮಂಚದ ಹತ್ತಿರ ನಿಂತು, ಚೀಟಿ ಕಟ್ಟಿದ ಸೀರೆಯನ್ನು ಮುಟ್ಟಿ ನೋಡಿದಳು.

“ಇದ್ರಾಗೆ ಹೊಳ್ಳಿಸ್ತಿದ್ಯಾ ಅಕ್ಕ? ಹಿಂದ್ಲ ಮನ್ಯಾಗೆ ನಾನೂ ಹಂಗೇ ಮಾಡ್ತಿದ್ದೆ. ಅಲ್ಲೂ ಚೀಟಿ ಕಟ್ಟಿದ್ರು.”

“ಅಲ್ಲಿಂದ ಯಾಕಮ್ಮಿ ತೆಗುದ್ರು ನಿನ್ನ?”

“ಆ ಮನೆ ಅಜ್ಜ ನನ್ನ ಹೆಸ್ರು ಕೂಗ್ತಿದ್ರು.”

ಎದುರಿನ ಇಸ್ಕೂಲಿನಲ್ಲಿ ಊಟದ ಗಂಟೆ ಹೊಡೆಯಿತು. ರಾಮಕ್ಕ ತಟ್ಟನೆ ಎದ್ದಳು. “ಸಾರ್, ಅಂಚು ಹಿಡ್ಕಳಿ.”

“ನಾನಾ?”

“ಸುಸ್ತಾಗವ್ಳೆ ಅವ್ವ, ಅಲುಗಿಸಬಾರ್ದು. ನಾಲ್ಕು ಮೂಲೆ ಹಿಡೀಬೇಕು. ನೀವೇ ತಾನೇ ಸುಸ್ತು ಮಾಡಿದ್ದು, ಹಿಡ್ಕಳಿ.”

ತಿಲಕ್ ಹಾಳೆಗಳನ್ನೂ ಪುಸ್ತಕವನ್ನೂ ಕಂಕುಳಲ್ಲಿ ಅಮುಕಿಕೊಂಡು ಹಿಡಿದ. ನಾಲ್ವರೂ ಸೇರಿ ಮೆಲ್ಲಗೆ ಹೊರಳಿಸಿದರು. ರವಿಕೆ ಸರಿದು ಬೆನ್ನು ಕಾಣಿಸಿತು. ಸೊಂಟದ ಮೇಲೆ ಅಂಗೈಯಗಲದ ಹಳೇ ಕಲೆ, ಸುತ್ತ ಒಂದು ಗೀರೂ ಇಲ್ಲದ ಚರ್ಮ. ಅವನು ಅದನ್ನೇ ನೋಡುತ್ತ ನಿಂತ. ಏನೋ ಹೇಳಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. “ಆಮಾ, ಹೌದು ಸಾರ್… ಆಯ್ತು ಸಾರ್. ಐದು ಸ್ಟಾರ್ ಸಾರ್.”

ಫೋನ್ ಕೆಳಗಿಡುವಷ್ಟರಲ್ಲಿ ಉಷಾರಾಣಿ ಅವನ ಕಂಕುಳಿಂದ ಪುಸ್ತಕ ಎಳೆದುಕೊಂಡಿದ್ದಳು. ಒಂದೊಂದು ಹಾಳೆಯ ಸಹಿಯ ಮೇಲೂ ಪೆನ್ನಿನಿಂದ ಅಡ್ಡಗೆರೆ ಎಳೆಯುತ್ತ ಹೋದಳು. ಈ ಸಲ ಒಂದೊಂದು ಹಾಳೆಯನ್ನೂ ಓದಿ ಎಳೆದಳು.

“ಮೇಡಂ, ಕಾಂಟ್ರಾಕ್ಟ್ ಕ್ಯಾನ್ಸಲ್ ಆಗುತ್ತೆ!”

“ಆಗ್ಲಿ. ಅದಕ್ಕೇ ಗೀಟು ಹೊಡೀತಿರೋದು.” ಆಮೇಲೆ ರಾಮಕ್ಕನ ಕಡೆ ತಿರುಗಿದಳು. ದನಿ ತಗ್ಗಿತ್ತು. “ನಿನ್ನ ಕೇಳ್ದೆ ನಾನೂ ಇವರ ಥರಾನೇ ತೀರ್ಮಾನ ಮಾಡ್ಬಾರ್ದು. ಇರ್ತೀಯಾ ರಾಮಕ್ಕ?”

“ಇವಳ ಟಿ.ಸಿ., ಆಧಾರ್ ಕಾರ್ಡು ಎಲ್ಲಾ ನಮ್ಮ ಆಫೀಸಿನಲ್ಲಿವೆ,” ಅಂದ ತಿಲಕ್. ಬೆದರಿಕೆಯನ್ನೂ ಮಾಹಿತಿಯ ದನಿಯಲ್ಲೇ ಹೇಳುವುದು ಅವನಿಗೆ ಅಭ್ಯಾಸವಾಗಿತ್ತು.

ರಾಮಕ್ಕ ಸೀರೆಯಂಚಿನ ಸುಕ್ಕು ತೀಡಿದಳು. “ಐದನೇ ಕ್ಲಾಸಿನ ಟಿ.ಸಿ. ಅಲ್ವಾ ಸಾರ್? ಇಟ್ಕಂಡಿರಿ. ಅದು ಯಾರ್ನೂ ಮಗ್ಗುಲು ಹೊಳ್ಳಿಸಿಲ್ಲ. ನಾಳೆ ಬಂದು ಇಸ್ಕಂತೀನಿ. ನಾನಿಲ್ಲೇ ಇರ್ತೀನಿ ಅಂತ ಬರ್ಕಳಿ.”

“ಅದಕ್ಕೆ ಜಾಗ ಇಲ್ಲ.”

“ಅಂಚಿನಾಗೆ ಬರ್ಕಳಿ.”

“ನಾಳೆ ನಾನೂ ಬತ್ತೀನಕ್ಕ,” ಅಂದಳು ನಾಗವೇಣಿ, ಚೀಲವನ್ನು ಗೋಡೆಗೆ ಒರಗಿಸುತ್ತ. “ನನ್ನ ಕಾಗ್ದಗಳೂ ಅಲ್ಲೇ ಅವೆ. ಅಜ್ಜನ ಮನೆ ಫೋನ್ ನಂಬರ್ ಮಾತ್ರ ನನ್ನ ಹತ್ರ ಐತೆ, ನಾನೂ ಕೇಳಿ ನೋಡ್ತೀನಿ.”

ತಿಲಕ್ ಗೀಚಿದ ಪುಸ್ತಕವನ್ನೂ ಉಳಿದ ಚೀಟಿಗಳನ್ನೂ ಬಾಚಿಕೊಂಡು ಹೊರಟ. ಮುಂದಿನ ಮನೆಗೆ ಆಗಲೇ ತಡವಾಗಿತ್ತು, ಅಲ್ಲಿನ ಫಲಿತಾಂಶವೂ ಯಾವುದೋ ಆಟೋದಲ್ಲಿ ಕಾಯುತ್ತಿತ್ತು.

ಹೊಸ್ತಿಲು ದಾಟುವಾಗ ಒಳಗಿಂದ ಟಣ್ ಟಣ್ ಸದ್ದು ಬಂತು. ಚಿಕ್ಕತಾಯಮ್ಮ ಎಡಗೈ ಚಾಚಿ ಚೊಂಬು ಬಡಿಯುತ್ತಿದ್ದಳು. ಬಡಿದಷ್ಟೂ ಅದರ ಕೊರಳಿನ ಕೆಂಪು ಚೀಟಿ ಕುಣಿಯುತ್ತಿತ್ತು.

“ರಾಮಿ.”

“ಬಂದೆ ಕಣವ್ವ,” ಎಂದು ರಾಮಕ್ಕ ರಾಗಿ ಡಬ್ಬಿಯ ಮುಚ್ಚಳ ತೆಗೆದಳು.