ಕುಸುಮ ಹೇಳಿದ ಕೊನೆ

ಬೆಳುವಾಯಿಯ ಕುಸುಮಳಿಗೆ ಕಾದಂಬರಿಯ ಹುಚ್ಚು. ಮೂಡುಬಿದಿರೆಯಿಂದ ಗಂಡ ತಂದುಕೊಟ್ಟ ಪುಸ್ತಕ ಹಿಡಿದು ಮಧ್ಯಾಹ್ನವೆಲ್ಲ ಜಗಲಿಯಲ್ಲಿ ಕೂರುವಳು. ಪಕ್ಕದಲ್ಲಿ ಗಂಡನ ಅಕ್ಕ ಸೇಸಮ್ಮ, ಮಡಿಲಲ್ಲಿ ಎಲೆ ಹರಡಿದ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುವಳು. ಸೇಸಮ್ಮನಿಗೆ ಅಕ್ಷರ ಬಾರದು. ಪುಸ್ತಕದ ಕನ್ನಡ ಅರ್ಥವಾಗುವುದೂ ಅಷ್ಟಕ್ಕಷ್ಟೆ. ಹಾಗಾಗಿ ಕುಸುಮ ಪುಟ ಓದಿ, ತುಳುವಿನಲ್ಲಿ ಕಥೆ ಹೇಳುವಳು.

ಅರುವತ್ತೆರಡನೇ ಇಸವಿಯಲ್ಲಿ ಕೈಗೆ ಬಂದ ಒಂದು ಕಾದಂಬರಿ ಇಬ್ಬರನ್ನೂ ಹಿಡಿದು ಕೂರಿಸಿತು. ಪಟ್ಟಣ ಸೇರಿದ ಗಂಡನ ದಾರಿ ಕಾಯುವ ಭಾಗೀರಥಿಯ ಕಥೆ ಅದು. ಸೇಸಮ್ಮನ ಗಂಡನೂ ಬೊಂಬಾಯಿಯ ಹೋಟೆಲಿಗೆಂದು ಹೋದವನು. ಅವನ ಸುದ್ದಿ ನಿಂತು ವರ್ಷಗಳೇ ಆಗಿದ್ದವು. ಭಾಗೀರಥಿ ಅತ್ತಲ್ಲೆಲ್ಲ ಸೇಸಮ್ಮನ ಕೈಯ ಬೀಡಿ ಅರ್ಧಕ್ಕೇ ನಿಲ್ಲುತ್ತಿತ್ತು.

ಕೊನೆಯ ಅಧ್ಯಾಯವನ್ನು ಕುಸುಮ ತಡೆಯಲಾರದೆ ಒಬ್ಬಳೇ ಓದಿ ಮುಗಿಸಿದಳು. ಪಟ್ಟಣಕ್ಕೆ ಹುಡುಕಿಕೊಂಡು ಹೋದ ಭಾಗೀರಥಿ, ಇನ್ನೊಬ್ಬಳ ಮಗುವನ್ನು ಎತ್ತಿಕೊಂಡು ನಿಂತ ಗಂಡನನ್ನು ದೂರದಿಂದಲೇ ಕಂಡು, ಮಾತಾಡಿಸದೆ ಹಿಂತಿರುಗುತ್ತಾಳೆ.

"ಹೇಳು ಮಾರಾಯ್ತಿ, ಬಂದನಾ ಅವನು?" ಸೇಸಮ್ಮ ಕೇಳಿದಳು.

ಕುಸುಮ ಆ ಮುಖ ನೋಡಿದಳು. "ಬಂದ, ಅತ್ತಿಗೆ."

ಒಮ್ಮೆ ಬಾಯಿ ಬಿಟ್ಟ ಮೇಲೆ ಉಳಿದದ್ದು ತಾನಾಗಿಯೇ ಬಂತು. ಸಂಜೆ ಹೊತ್ತು ಅಂಗಳದಲ್ಲಿ ನಿಂತ ಗಂಡ, ಕಾಲು ತೊಳೆಯಲು ನೀರು ಕೊಟ್ಟ ಭಾಗೀರಥಿ. ಸೇಸಮ್ಮ ಅತ್ತಳು, ನಕ್ಕಳು. ಪುಣ್ಯದ ಕೆಲಸ ಮಾಡಿದೆನೆಂದು ಕುಸುಮಳಿಗೆ ಅನ್ನಿಸಿತು.

ಸ್ವಲ್ಪ ದಿನಕ್ಕೆ ಶಿರ್ತಾಡಿಯ ಧರ್ಣಪ್ಪನ ಕಡೆಯಿಂದ ಸೇಸಮ್ಮನಿಗೆ ಸಂಬಂಧ ಕೇಳಿಕೊಂಡು ಬಂದರು. ಗಂಡ ಬಿಟ್ಟುಹೋದವಳಿಗೆ ಮರುಮದುವೆ ಅವರಲ್ಲಿ ಇದ್ದದ್ದೇ. ಹೆಂಡತಿ ತೀರಿಕೊಂಡ ಸಾಧು ಮನುಷ್ಯ. ಹಿಂದೊಮ್ಮೆ ಈ ಮಾತು ಬಂದಾಗ ಸೇಸಮ್ಮ ಬೇಡವೆಂದಿರಲಿಲ್ಲ.

ಈಗ ಅಂದಳು: "ಬೇಡ. ಭಾಗೀರಥಿ ಕಾದದ್ದಕ್ಕಲ್ಲವಾ ಅವನು ಬಂದದ್ದು? ನಾನೂ ಕಾಯ್ತೇನೆ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಕುಸುಮ ಒಳಗೆ ಹೋಗಿ ಒಲೆಗೆ ಸೌದೆ ಇಟ್ಟಳು. ನಿಜವನ್ನು ನಾಳೆ ಹೇಳಿದರಾಯಿತು ಎಂದುಕೊಂಡಳು. ನಾಳೆಗಳು ಹಾಗೆಯೇ ಕಳೆದವು. ಧರ್ಣಪ್ಪ ಬೆಳ್ತಂಗಡಿ ಕಡೆಯಿಂದ ಹೆಣ್ಣು ತಂದ.

ಮುಂದೆ ಆ ಕಾದಂಬರಿ ಸಿನಿಮಾ ಆಯಿತು, ಮೂಡುಬಿದಿರೆಗೂ ಬಂತು. ತಲೆನೋವು, ಬಸ್ಸಿನಲ್ಲಿ ರಶ್ಶು ಎಂದು ಕುಸುಮ ಏನೇನೋ ನೆವ ಹೇಳಿದಳು. ಸೇಸಮ್ಮ ಆಗಲೇ ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದಿದ್ದಳು. "ಅವನು ಅಂಗಳಕ್ಕೆ ಬರುವುದನ್ನು ನನಗೆ ಕಣ್ಣಾರೆ ನೋಡಬೇಕು. ಹೋಗುವ."

ಮಧ್ಯಾಹ್ನದ ಆಟಕ್ಕೆ ಹೋದರು. ಕುಸುಮ ಪರದೆ ನೋಡಲೇ ಇಲ್ಲ. ಪಕ್ಕದ ಮುಖವನ್ನೇ ನೋಡುತ್ತಿದ್ದಳು. ಪಟ್ಟಣದ ಬೀದಿ ಬಂತು, ಮಗು ಬಂತು. ಸೇಸಮ್ಮನ ತುಟಿ ಸ್ವಲ್ಪ ತೆರೆದದ್ದು ಹಾಗೆಯೇ ಉಳಿಯಿತು. ದೀಪ ಹತ್ತಿ ಜನ ಎದ್ದರೂ ಅವಳು ಏಳಲಿಲ್ಲ.

ಬಸ್ಸಿಗೆ ಕಾಯುವಾಗ ಕೇಳಿದಳು: "ಪುಸ್ತಕದಲ್ಲಿಯೂ ಹೀಗೆಯೇ ಉಂಟಾ?"

ಸಿನಿಮಾದವರು ಬದಲಿಸಿದ್ದಾರೆ ಎನ್ನಬಹುದಿತ್ತು. ಸೇಸಮ್ಮ ನಂಬುತ್ತಿದ್ದಳು ಕೂಡ.

"ಹೌದು ಅತ್ತಿಗೆ. ನಿಮಗೆ ಬೇಸರ ಆಗಬಾರದು ಅಂತ..."

"ಭಾಗೀರಥಿ ಊರಿಗೆ ಹಿಂದೆ ಬಂದಳಲ್ಲ. ಮತ್ತೆ ಏನು ಮಾಡಿದಳು?"

"ಅದು ಪುಸ್ತಕದಲ್ಲಿ ಇಲ್ಲ."

ಸೇಸಮ್ಮ ರಸ್ತೆಯ ಕಡೆ ನೋಡಿದಳು. "ಧರ್ಣಪ್ಪನ ಕಡೆಯವರು ಬಂದಾಗಲಾದರೂ ಹೇಳಬಹುದಿತ್ತು," ಎಂದಳು. ಬೈಗುಳವಿರಲಿಲ್ಲ ಆ ದನಿಯಲ್ಲಿ. ಬೈದಿದ್ದರೆ ಕುಸುಮಳಿಗೆ ಹಗುರಾಗುತ್ತಿತ್ತು.

ಮಾರನೆಯ ದಿನದಿಂದ ಸೇಸಮ್ಮ ನೆರೆಮನೆಯ ಮೈಮೂನಮ್ಮನ ಜಗಲಿಯಲ್ಲಿ ಬೀಡಿ ಕಟ್ಟತೊಡಗಿದಳು. ಕುಸುಮ ಓದುವುದನ್ನು ಬಿಡಲಿಲ್ಲ. ಆದರೆ ಚೆನ್ನಾಗಿರುವ ಪುಟ ಬಂದಾಗ ಅಭ್ಯಾಸಬಲದಿಂದ ತಲೆಯೆತ್ತುವಳು. ಪಕ್ಕದಲ್ಲಿ ಕೇಳುವವರು ಯಾರೂ ಇರುತ್ತಿರಲಿಲ್ಲ.