ಕವಕವದ ಸಿಂಬೆ

ಹೊಕಿಯಾಂಗ ಸೀಮೆಯ ಆ ಮನೆಯ ಹಿತ್ತಲಲ್ಲಿ ಕವಕವ ಗಿಡಗಳಿಗೇನೂ ಕೊರತೆ ಇರಲಿಲ್ಲ. ಆದರೆ ಔಷಧಿಗೆ ಬೇಕಾದದ್ದು ನುಣ್ಣಗಿನ ಚೆಂದದ ಎಲೆಯಲ್ಲ, ಹುಳ ತಿಂದು ಜರಡಿಯಾದ ಎಲೆ. ಯಾವುದರಲ್ಲಿ ಸತ್ವ ಇದೆ ಅಂತ ಹುಳಕ್ಕೇ ಗೊತ್ತು. ಹಾಗಾಗಿ ರೀಪೆಕ ದಿನಾ ಬೆಳಿಗ್ಗೆ ಎಲೆ ತಿರುವಿ ತಿರುವಿ ನೋಡಿ, ತೂತಾದದ್ದನ್ನೇ ಆರಿಸಿ, ಕುದಿಸಿ, ಹಾಸಿಗೆ ಹಿಡಿದ ಅಕ್ಕ ಮೆರೆಯಾನಳಿಗೆ ಕುಡಿಸುತ್ತಿದ್ದಳು. ಒಂದು ಚಳಿಗಾಲ ಕಳೆದು ಇನ್ನೊಂದು ಬಂದಿತ್ತು. ಅಕ್ಕ ಏಳಲೂ ಇಲ್ಲ, ಹೋಗಲೂ ಇಲ್ಲ. ಅವಳ ಮಗ್ಗುಲು ಬದಲಿಸಿ ಬದಲಿಸಿ ರೀಪೆಕಳ ಸೊಂಟ ಬಿದ್ದುಹೋಗಿತ್ತು.

ಆವತ್ತು ಗಿಡದ ಬುಡದಲ್ಲಿ ಒಂದು ಗಳಿಗೆ ಕೂತಳು. ಕಣ್ಣು ಎಳೆಯುತ್ತಿತ್ತು, ಕೈ ಮಾತ್ರ ತನ್ನ ಪಾಡಿಗೆ ಆಡುತ್ತಿತ್ತು. ಎಚ್ಚೆತ್ತು ನೋಡುತ್ತಾಳೆ, ಮಡಿಲಲ್ಲಿ ಸಿಂಬೆ! ತುಂಬು ಎಲೆಯ ರೆಂಬೆಗಳನ್ನು ಹೆಣೆದು ತಲೆಯ ಅಳತೆಗೆ ಬಾಗಿಸಿದ ಸಿಂಬೆ. ಊರವರೆಲ್ಲ ಸೇರುವ ಮರಾಏ ಅಂಗಳದಲ್ಲಿ ಹೆಣದ ಪಕ್ಕ ಕೂತು ಅಳುವ ಹೆಂಗಸರು ತಲೆಗೆ ಇಡುವುದು ಇದನ್ನೇ. ಅಂಥವನ್ನು ಅವಳು ಎಷ್ಟು ಮಂದಿಗೆ ಕಟ್ಟಿಕೊಟ್ಟಿದ್ದಳೋ. ಆದರೆ ಅಕ್ಕ ಇನ್ನೂ ಉಸಿರಾಡುತ್ತಿದ್ದಾಳಲ್ಲ! ಇದೆಲ್ಲ ಒಮ್ಮೆ ಮುಗಿಯಲಿ ಎಂದು ಅವಳು ಬಯಸಿದ್ದು ನಿಜ. ಮನಸ್ಸಿನಲ್ಲಿದ್ದದ್ದೇ ಕೈಗೆ ಇಳಿದಿತ್ತು. ಅಕ್ಕನಿಗೆ ಮಾತ್ರ ಇದು ಗೊತ್ತಾಗಬಾರದು. ಸಿಂಬೆಯನ್ನು ಬುಟ್ಟಿಯ ತಳಕ್ಕೆ ತುರುಕಿ, ಮೇಲೆ ನಾಲ್ಕು ತೂತೆಲೆ ಮುಚ್ಚಿ ಒಳಗೆ ಬಂದಳು.

"ಇಷ್ಟು ಹೊತ್ತು ಏನೇ ಮಾಡ್ತಿದ್ದೆ? ಹುಳದ ಜೊತೆ ಹರಟೆನಾ?" ಎಂದಳು ಮೆರೆಯಾನ.

"ಒಳ್ಳೆ ಎಲೆ ಸಿಗ್ಲಿಲ್ಲ ಕಣಕ್ಕ."

"ಬುಟ್ಟಿ ತಾ ಇಲ್ಲಿ."

"ಇರು, ಕುದಿಯೋಕಿಡ್ತೀನಿ..."

"ಕಿಟಕಿ ಪಕ್ಕಾನೇ ಮಲಗ್ಸಿದೀಯಲ್ಲೇ ಪೆದ್ದಿ. ನಂಗೆ ಹೋಗಿರೋದು ಕಾಲು, ಕಣ್ಣಲ್ಲ."

ರೀಪೆಕ ಬುಟ್ಟಿಯನ್ನು ಹಾಸಿಗೆಯ ಪಕ್ಕ ಇಟ್ಟಳು. "ಬೇಕೂಂತ ಮಾಡಿದ್ದಲ್ಲ ಅಕ್ಕ. ಸುಸ್ತಾಗಿದೆ ನಂಗೆ. ತುಂಬಾ ಸುಸ್ತಾಗಿದೆ."

"ನಂಗಾಗಿಲ್ವಾ?" ಮೆರೆಯಾನ ಬುಟ್ಟಿಯತ್ತ ಕೈ ತೋರಿಸಿದಳು. "ಹಾಕ್ಕೋ, ನೋಡೋಣ. ನಾನು ಹೋದ ದಿನ ನೀನು ಹೇಗೆ ಕಾಣ್ತಿದ್ದೆ ಅಂತ ನಂಗೆ ಯಾರು ಬಂದು ಹೇಳ್ತಾರೆ?"

"ಛೀ, ಬಿಡ್ತು ಅನ್ನು. ನೀನಿರುವಾಗ..."

"ಹಾಕ್ಕೋ ಅಂದೆ."

ಚಿಕ್ಕವಳಿದ್ದಾಗಿನಿಂದ ಅಕ್ಕನ ಆ ದನಿಗೆ ಎದುರಾಡಿ ಅಭ್ಯಾಸವಿಲ್ಲ. ರೀಪೆಕ ಸಿಂಬೆಯನ್ನು ತಲೆಗಿಟ್ಟುಕೊಂಡಳು. ಮೆರೆಯಾನ ಅವಳನ್ನು ಹತ್ತಿರಕ್ಕೆ ಕರೆದು, ಸಡಿಲವಾದ ಒಂದು ರೆಂಬೆಯನ್ನು ಬೆರಳಲ್ಲಿ ಒಳಕ್ಕೆ ಸಿಕ್ಕಿಸಿದಳು.

"ಈಗ ಅಳು," ಎಂದಳು. "ನಂಗೆ ಕೇಳೋ ಹಾಗೆ ಅಳು."

ರೀಪೆಕ ಅಕ್ಕನ ಎದೆಯ ಮೇಲೆ ತಲೆಯಿಟ್ಟು ಗಟ್ಟಿಯಾಗಿ ಅತ್ತಳು. ಆವತ್ತು ಆ ಮನೆಯಲ್ಲಿ ಔಷಧಿ ಕುದಿಯಲಿಲ್ಲ.