ಸತ್ಯವ್ವ ಉರ್ಫ್ ರೂಪಾಲಿ

ಬಸ್ಸಿನ ಮುಂದಿನ ಸೀಟಿನ ಹೆಂಗಸಿನ ಬಳೆ ಮತ್ತೆ ಕಿಟಕಿಯ ಸರಳಿಗೆ ತಾಗಿತು, ಹಸಿರು ಬಳೆ, ಮಚ್ಛೆ ಊರು ದಾಟಿತೇನು, ದಾಟಿರಬೇಕು, ಖಾನಾಪುರ ಇನ್ನು ಅರ್ಧ ತಾಸು, ಸುಜಯ ತೊಡೆಯ ಮೇಲಿನ ಬ್ಯಾಗನ್ನು ಇನ್ನಷ್ಟು ಒತ್ತಿ ಹಿಡಿದ, ಒಳಗಿರುವುದು ಒಂದು ಲಕೋಟೆ, ಅದಕ್ಕೆ ಇಷ್ಟು ಕಾವಲು — ಅಂಚೆಯಲ್ಲಿ ಕಳಿಸಿದ್ದರೂ ಆಗುತ್ತಿತ್ತು, ಆಫೀಸಿನ ಸಾಹೇಬರು ಹಾಗೇ ಅಂದರು, ಪೋಸ್ಟಿಗೆ ಹಾಕಿದ್ರ ಮುಗೀತಲ್ಲೋ ಮಾರಾಯಾ, ನೀ ಯಾಕ ಹೊಂಟಿ, ಅವರು ನಮ್ಮ ವೈನಿರೀ ಸರ್ ಎನ್ನಲು ಹೋದ, ಎರಡೂವರೆ ವರ್ಷ ಮುಚ್ಚಿಕೊಂಡಿದ್ದ ಬಾಯಿ, ಅಷ್ಟು ಸುಲಭಕ್ಕೆ ತೆರೆದೀತೆ, ನಮ್ಮ ಊರ ಕಡೇದ್ರೀ ಅಂದುಬಿಟ್ಟ. ತಪ್ಪು ತನ್ನದಲ್ಲ ಎಂದುಕೊಂಡರೆ ಹಾಗೂ ಅಂದುಕೊಳ್ಳಬಹುದು, ತಾನು ದುಡಿಯುವ ಪ್ರಾಧಿಕಾರದ ಕೆಲಸವೇ ಅದು, ಶಿವಬಸವ ನಗರದ ಎರಡನೇ ಮಹಡಿಯಲ್ಲಿ ಕೂತು ಯಾರ ಸರ್ಟಿಫಿಕೇಟು ಖರೇ, ಯಾರದು ಖೊಟ್ಟಿ ಎಂದು ನೋಡುವುದು, ಎಲ್ಲೋ ನಾಲ್ಕು ಜನ ನಕಲಿ ನರ್ಸುಗಳು ಸಿಕ್ಕಿಬಿದ್ದರು, ಸರಕಾರಿ ದವಾಖಾನೆಗಳ ಎಲ್ಲ ನರ್ಸುಗಳ ಫೈಲೂ ಮರುಪರಿಶೀಲನೆಗೆ ಬಂದವು, ಫೈಲಿಗೊಂದು ಹಾಳೆ, ಸೇವಾ ಪುಸ್ತಕದಲ್ಲಿರುವ ಹೆಸರು ತರಬೇತಿ ರಿಜಿಸ್ಟರಿನಲ್ಲಿ ಇದೆಯೆ, ಹೌದು, ಇಲ್ಲ, ಗುರುತು ಹಾಕು, ಸಹಿ ಮಾಡು, ಮುಂದಿನದು ತೆಗೆ — ಆ ಮಧ್ಯಾಹ್ನ ಮುಂದಿನದು ತೆಗೆದರೆ ರೂಪಾಲಿ ಸಂಜಯ, ಖಾನಾಪುರ, ಸ್ವಂತ ಅಣ್ಣನ ಹೆಂಡತಿ. ರಿಜಿಸ್ಟರಿನಲ್ಲಿ ರೂಪಾಲಿ ಇರಲಿಲ್ಲ. ಇರುವುದಾದರೂ ಹೇಗೆ, ತರಬೇತಿ ಮುಗಿಸಿದವಳು ಸತ್ಯವ್ವ, ರೂಪಾಲಿಯಾದದ್ದು ಮರುವರ್ಷ, ಮದುವೆಯ ಹಂದರದಲ್ಲಿ, ತಾಟಿನ ತುಂಬ ಅಕ್ಕಿ ಹರವಿದ್ದಾರೆ, ಬಂದ ಸೊಸೆಗೆ ಹೊಸ ಹೆಸರಿಟ್ಟು ಅಕ್ಕಿಯಲ್ಲಿ ಉಂಗುರದಿಂದ ಬರೆಯುವುದು ಮನೆತನದ ಪದ್ಧತಿ, ಅಣ್ಣ ಸಂಜಯ ಉಂಗುರ ಹಿಡಿದು ಕೂತಿದ್ದಾನೆ, ಏನ ಬರೀಲಿ, ಲಗೂನ ಹೇಳ್ರೆಲೇ, ಹತ್ತೊಂಬತ್ತರ ಸುಜಯ ಹಿಂದಿನಿಂದ ಕೂಗುತ್ತಾನೆ, ರೂಪಾಲಿ ಅಂತ ಬರಿಯೋ, ಸತ್ಯವ್ವ ಅಂದ್ರ ಅಜ್ಜೀ ಹೆಸರಾತು, ಎಲ್ಲರೂ ನಗುತ್ತಾರೆ, ಅವಳೂ ನಕ್ಕಳು, ನಕ್ಕಳೇ, ಈಗ ನೆನಪಾಗುತ್ತಿಲ್ಲ.

ಅಂದರೆ ಇಬ್ಬರೂ ಒಬ್ಬಳೇ ಎಂದು ಆ ಕಚೇರಿಯಲ್ಲಿ ಗೊತ್ತಿದ್ದವನು ಅವನೊಬ್ಬನೇ, ಹೆಸರಿಟ್ಟವನೇ ಅವನು! ಷರಾ ಬರೆಯುವ ಜಾಗ ಖಾಲಿ ಇತ್ತು, ಸತ್ಯವ್ವ ಉರ್ಫ್ ರೂಪಾಲಿ, ಮೂರು ಶಬ್ದ ಬರೆದಿದ್ದರೆ ಮುಗಿಯುತ್ತಿತ್ತು, ಇಲ್ಲವೆಂದರೆ ಬಾಜು ಮೇಜಿನ ಪ್ರಮಿಳಾ ಮೇಡಮ್ಮಿಗೆ ಫೈಲು ದಾಟಿಸಿ, ಇವರು ನಮ್ಮ ಮನಿಯವರ್ರೀ, ನೀವು ನೋಡ್ರಿ ಎನ್ನಬಹುದಿತ್ತು, ನಿಯಮವೂ ಅದೇ — ಅನ್ನಲಿಲ್ಲ, ಬಡ್ತಿಯ ಪಟ್ಟಿಯಲ್ಲಿ ಹೆಸರಿತ್ತು, ಮನೆಯವರನ್ನು ಪಾರು ಮಾಡಿದ ಎಂದು ನಾಳೆ ಯಾರಾದರೂ ಆಡಿಕೊಂಡರೆ, ಇಲ್ಲ ಎಂಬುದಕ್ಕೆ ಗುರುತು ಹಾಕಿದ, ಕೆಳಗೆ ಸಹಿ ಎಳೆದ, ಅಪೀಲಿನಲ್ಲಿ ಸರಿಹೋಗುತ್ತದೆ ಬಿಡು, ಹೆಚ್ಚೆಂದರೆ ಎರಡು ತಿಂಗಳು ಎಂದುಕೊಂಡು ಚಹಾಕ್ಕೆ ಎದ್ದು ಹೋದ, ಹೇಡಿ, ಚಹಾ ಕುಡಿದು ಅದರ ಮೇಲೆ ಎಲೆಯಡಿಕೆಯನ್ನೂ ಹಾಕಿಕೊಂಡ. ಅಪೀಲಿಗೆ ಎರಡೂವರೆ ವರ್ಷ ಹಿಡಿಯಿತು. ಮೂವತ್ತು ವರ್ಷ ಹೆರಿಗೆ ಮಾಡಿಸಿದವಳನ್ನು ಕೆಲಸದಿಂದ ಇಳಿಸಿ ಮನೆಯಲ್ಲಿ ಕೂರಿಸಿದರು, ಅವಳ ಕೈಯಲ್ಲೇ ಹುಟ್ಟಿದ ಮಂದಿ ಸಂತೆಯಲ್ಲಿ ಖೊಟ್ಟಿ ನರ್ಸಬಾಯಿ ಬಂದ್ಲು ಅಂದರಂತೆ, ಅಣ್ಣ ಫೋನಿನಲ್ಲಿ ಅತ್ತ, ನಿಮ್ಮ ಆಫೀಸಿನಾಗ ಯಾಂವ ಹಿಂಗ ಮಾಡಿದಾಂವ, ಸ್ವಲ್ಪ ನೋಡಲೇ ತಮ್ಮಾ, ನೋಡ್ತೀನಣ್ಣಾ, ನೋಡ್ತೀನಿ. ಈಗ ಆದೇಶ ಬಂದಿದೆ, ಅರ್ಹತೆ ಖರೇ, ಸಂಶಯವಿಲ್ಲ, ಮೊಹರು ಬಿದ್ದಿದೆ, ಅವಳಿಗೆ ಅರವತ್ತು ತುಂಬಿದ್ದು ಹೋದ ತಿಂಗಳು. ಇನ್ನು ಆ ಕಾಗದ ಹಿಡಿದು ಅವಳು ಯಾವ ದವಾಖಾನೆಗೂ ಹೋಗುವಂತಿಲ್ಲ.

ಬಸ್ಸು ಗಣೇಬೈಲು ದಾಟಿದಾಗಿನಿಂದ ಅಣ್ಣನ ಮನೆಯ ಬಾಗಿಲತನಕ ಒಂದೇ ಮಾತು ಉರು ಹೊಡೆದ, ವೈನಿ, ಆ ಗುರುತು ಹಾಕಿದಾಂವ ನಾನಽ, ವೈನಿ, ಆ ಗುರುತು — ಬರ್ರಿ, ಕುಂದರ್ರಿ, ಅವರು ಹೊರಗ ಹೋಗ್ಯಾರ, ಎಂದಳು ಅವಳು, ಬರ್ರಿ? ಮೂವತ್ತನಾಲ್ಕು ವರ್ಷ ಬಾರೋ ಸುಜಯಾ ಎಂದವಳು, ನೀರು ತಂದಿಟ್ಟಳು, ಲಕೋಟೆ ಒಡೆದಳು, ಆದೇಶವನ್ನು ಓದಿದಳೋ ಇಲ್ಲವೋ, ಹಿಂದೆ ಲಗತ್ತಿಸಿದ ಹಳೆಯ ಹಾಳೆಯನ್ನು ತೆಗೆದು ಕೆಳಗಿನ ಸಹಿಯ ಮೇಲೆ ಬೆರಳಿಟ್ಟಳು, ಇದರ ನಕಲು ನನಗ ಅವಾಗಽ ಬಂದಿತ್ತು, ನಿಮ್ಮ ಸಹಿ ನನಗ ತಿಳಿಯೂದಿಲ್ಲೇನು, ನಿಮ್ಮ ಅಣ್ಣಗ ತೋರಿಸಿಲ್ಲ, ತಮ್ಮ ಅಂದ್ರ ಜೀವ ಅವರಿಗೆ. ಉರು ಹೊಡೆದ ಮಾತಿನ ಬದಲಿಗೆ ಬಾಯಿಂದ ಬಂದದ್ದು ಆಫೀಸಿನ ಮಾತು, ಕಾಗದ ಮುಟ್ಟಿದ್ದಕ್ಕ ಒಂದು ಸಹಿ ಬೇಕಿತ್ತು ವೈನಿ, ಛೀ, ಎಂಥ ಮನುಷ್ಯ ತಾನು, ಅವಳು ಪೆನ್ನು ತೆಗೆದುಕೊಂಡಳು, ಕಾಗದದ ಮೇಲೆ ಬಗ್ಗಿದಳು, ಕೈ ತಡೆದಳು, ಯಾವ ಹೆಸರ್ಲೆ ಮಾಡ್ಲಿ ಸಾಹೇಬ್ರ, ನಮ್ಮಪ್ಪ ಇಟ್ಟದ್ದೋ, ನೀವು ಇಟ್ಟದ್ದೋ — ಸಿಟ್ಟಿಲ್ಲ, ಖರೇನೇ ಕೇಳುತ್ತಿದ್ದಾಳೆ, ಎರಡೂ ಒಂದೇ ವೈನಿ ಎನ್ನಬೇಕು, ಎರಡೂ ನೀವೇ ಎನ್ನಬೇಕು, ಅನ್ನಬೇಕಾದ ದಿನ ಅನ್ನಲಿಲ್ಲ, ಪೆನ್ನಿನ ಮೊನೆ ಕಾಗದದಿಂದ ಒಂದು ಬೆರಳು ಮೇಲೆ ನಿಂತಿದೆ, ಅವಳು ಕಾಯುತ್ತಿದ್ದಾಳೆ, ಹೇಳು, ಏನಾದರೂ ಹೇಳು, ಮೊನೆ ನಿಂತೇ ಇದೆ, ಕೆಳಗೆ ಬಿಳಿ ಕಾಗದ, ನಡುವೆ ಒಂದು ಬೆರಳು, ಮೊನೆ, ಕಾಗದ, ಒಂದು ಬೆರಳು